ಹಳೆ ಗೂಡ್ಸ್ ಶೆಡ್ಡಿನ ರಿಪೇರಿ: ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ

ಶಿವಮೊಗ್ಗ–ತಾಳಗುಪ್ಪ ರೈಲು ಹಾದಿಯ ಒಂದು ಸಣ್ಣ ನಿಲ್ದಾಣದ ಪಕ್ಕದಲ್ಲಿ ಹಳೆ ಗೂಡ್ಸ್ ಶೆಡ್, ಅಂದರೆ ರೈಲಿನ ಸರಕು ಇಡುತ್ತಿದ್ದ ಕಟ್ಟಡ, ಇದೆ. ಅದನ್ನು ರಿಪೇರಿ ಮಾಡಿ ಮತ್ತೆ ಬಳಕೆಗೆ ತಂದ ಕಾಮಗಾರಿಯ ದಾಖಲೆ ಇದು. ಈಗ ಅಲ್ಲಿ ಒಂದು ತುದಿಗೆ ಮಹಿಳಾ ಸಂಘದ ಹಪ್ಪಳ, ಉಪ್ಪಿನಕಾಯಿ ಮಳಿಗೆ. ನಡುವೆ ಓದುವ ಕೋಣೆ. ಇನ್ನೊಂದು ತುದಿಗೆ ಹೊಲಿಗೆ ಮೆಷಿನ್ನು ಮತ್ತು ಬಾಡಿಗೆಗೆ ಕೊಡುವ ಕಂಪ್ಯೂಟರ್ ಮೇಜುಗಳು. ರಸ್ತೆ ಕಡೆ ಜಗಲಿಯಲ್ಲಿ ಕಾಫಿ, ಟೀ. ಸೈಟು ನೋಡಿಕೊಂಡವನು ನಾನು.

ಇಂಥ ಕೆಲಸದ ಬಗ್ಗೆ ಕೇಳುವವರು ಮೊದಲು ಕೇಳುವುದು ಸೋಲಾರ್ ಎಷ್ಟು ಕಿಲೋವ್ಯಾಟ್ ಅಂತ. ಸೋಲಾರ್ ಇದೆ, ಅದರ ಮಾತು ಕೊನೆಗೆ ಬರುತ್ತದೆ. ಮಲೆನಾಡಿನಲ್ಲಿ ಹಳೆ ಕಟ್ಟಡದ ಆಯಸ್ಸು ನಿಂತಿರುವುದು ನೀರಿನ ಮೇಲೆ. ಮೇಲಿಂದ ಬೀಳುವ ನೀರು ಗೋಡೆಯಿಂದ ದೂರ ಹೋಗಬೇಕು. ಗೋಡೆಯೊಳಗೆ ಹೇಗೋ ಸೇರಿದ ನೀರು ಒಣಗಿ ಹೊರಗೆ ಬರಬೇಕು. ಈ ಎರಡು ಆಗದಿದ್ದರೆ ಮೇಲೆ ಎಷ್ಟು ಪ್ಯಾನೆಲ್ ಹಾಕಿದರೂ ಹತ್ತು ವರ್ಷಕ್ಕೆ ಕಟ್ಟಡ ಕೆಡವಿ ಹೊಸದು ಕಟ್ಟಬೇಕಾಗುತ್ತದೆ.

ಇದ್ದದ್ದು ಏನು

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡು ಕಡಿಯುತ್ತ, ನಿಲ್ಲುತ್ತ, ತಾಳಗುಪ್ಪ ಮುಟ್ಟುವಾಗ 1940. ಎಲ್ಲ ಮೀಟರ್ ಗೇಜು, ಎರಡು ಹಳಿಗಳ ನಡುವೆ 1,000 ಮಿಲಿಮೀಟರ್. ಬ್ರಾಡ್‌ಗೇಜ್ ಅಂದರೆ 1,676 ಮಿಲಿಮೀಟರ್. ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ರೈಲು ಓಡತೊಡಗಿದ್ದು 2011ರಲ್ಲಿ. ಗೇಜು ಬದಲಾದಾಗ ಹಳಿ ಸ್ವಲ್ಪ ಪಕ್ಕಕ್ಕೆ ಸರಿಯಿತು, ಎತ್ತರವೂ ಆಯಿತು. ಹಳೆ ಕಟ್ಟಡಗಳು ಇದ್ದಲ್ಲೇ ಉಳಿದವು. ಅರಸಾಳಿನ ಹಳೆ ನಿಲ್ದಾಣವೂ ಹೀಗೆ ಉಳಿದದ್ದೇ. 2020ರಲ್ಲಿ ಅದನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡಿದರು. ನಮ್ಮದು ಮ್ಯೂಸಿಯಂ ಅಲ್ಲ, ದಿನಾ ಒಲೆ ಹಚ್ಚುವ, ಜನ ಕೂತು ಏಳುವ ಜಾಗ. ಹಾಗಾಗಿ ಲೆಕ್ಕವೇ ಬೇರೆ.

ಶೆಡ್ಡು ಸುಮಾರು ಅರವತ್ತು ಅಡಿ ಉದ್ದ, ಇಪ್ಪತ್ತನಾಲ್ಕು ಅಡಿ ಅಗಲ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ. ಮೇಲೆ ಸಾಗುವಾನಿ ಕೈಮರಗಳು, ಇಳಿಜಾರಿಗೆ ಹಾಕುವ ಪಕಾಸಿ, ಅದರ ಮೇಲೆ ಹಂಚು ಕೂರುವ ಅಡ್ಡಪಟ್ಟಿ ರೀಪು, ಮಂಗಳೂರು ಹಂಚು. ನೆಲ ರಸ್ತೆಯಿಂದ ಮೂರು ಅಡಿ ಎತ್ತರ. ಒಂದು ಕಡೆ ವ್ಯಾಗನ್ನಿನ ಮಟ್ಟಕ್ಕೆ, ಇನ್ನೊಂದು ಕಡೆ ಎತ್ತಿನಗಾಡಿಯ ಮಟ್ಟಕ್ಕೆ. ಮೂಟೆ ಎತ್ತಿ ಇಳಿಸುವ ಕಷ್ಟ ತಪ್ಪಲಿ ಅಂತ.

ನನಗೆ ಅತಿ ಹೆಚ್ಚು ಇಷ್ಟವಾದದ್ದು ಸೂರು. ಎರಡೂ ಕಡೆ ಆರು ಅಡಿ ಮುಂದಕ್ಕೆ ಚಾಚಿದೆ. ಮಳೆ ಹೊಯ್ಯುವಾಗಲೂ ಮೂಟೆ ನೆನೆಯದೆ ವ್ಯಾಗನ್ ಸೇರಬೇಕಿತ್ತಲ್ಲ, ಅದಕ್ಕೆ. ಆ ಸೂರಿನಿಂದಾಗಿ ಗೋಡೆಗೆ ಇರಚಲು ಹೊಡೆದದ್ದು ಬಹಳ ಕಡಿಮೆ. ಹಾಗಿದ್ದರೆ ಗೋಡೆ ಒದ್ದೆ ಯಾಕಾಗಿತ್ತು?

ನವೆಂಬರ್: ಕೆಡುಕಿನ ಮೂಲ ಹುಡುಕಿದ್ದು

ಕಾಗದಪತ್ರದ ಕಥೆ ಇಲ್ಲಿ ಬೇಡ. ಅನುಮತಿಯ ಜೊತೆ ಬಂದ ಮುಖ್ಯ ಷರತ್ತು ಒಂದು: ನಾವು ಸೇರಿಸಿದ್ದನ್ನು ನಾಳೆ ತೆಗೆದರೆ ಹಳೆ ಕಟ್ಟಡ ಹಾಗೇ ಉಳಿಯಬೇಕು. ಷರತ್ತು ಕೇಳಿದಾಗ ಕಿರಿಕಿರಿ ಅನ್ನಿಸಿತ್ತು. ಆಮೇಲೆ ನೋಡಿದರೆ ಎಷ್ಟೋ ತಕರಾರು ಅದರಿಂದಲೇ ಬಗೆಹರಿಯಿತು. ಗೋಡೆ ಕೊರೆಯಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಹುಟ್ಟಲಿಲ್ಲ.

ರೈಲು ಕಡೆಯ ಗೋಡೆ ಸೊಂಟದ ಎತ್ತರದವರೆಗೆ ಒದ್ದೆ. ಒಳಗೆ ಪದರ ಪದರವಾಗಿ ಉದುರುತ್ತಿತ್ತು, ಬಿಳಿ ಉಪ್ಪು ಕೂತಿತ್ತು. ತೇವ ಕೋಣೆಯ ಗಾಳಿಯದೋ ಗೋಡೆಯೊಳಗಿನದೋ ಅಂತ ತಿಳಿಯಲು ದುಡ್ಡಿನ ಖರ್ಚಿಲ್ಲದ ಪರೀಕ್ಷೆ ಇದೆ. ಗೋಡೆಗೆ ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು. ನಮ್ಮಲ್ಲಿ ಒಳಮೈಯಲ್ಲೇ ಹನಿ.

ಕಾರಣ ಎರಡು. ಒಂದು, ಗೋಡೆಯ ಕೆಳಭಾಗಕ್ಕೆ ಯಾವುದೋ ಕಾಲದಲ್ಲಿ ಸಿಮೆಂಟ್ ಪ್ಲಾಸ್ಟರ್ ಹೊಡೆದಿದ್ದರು. ಶೀತ ತಡೆಯಲಿ ಅಂತಲೇ ಹೊಡೆದದ್ದು. ಜಂಬಿಟ್ಟಿಗೆ ತುಂಬ ತೂತಿನ ಕಲ್ಲು, ನೆಲದ ನೀರನ್ನು ಹೀರುತ್ತದೆ. ಸುಣ್ಣದ ಗಾರೆಯಾದರೆ ಆ ನೀರು ಆರಿಹೋಗುತ್ತದೆ. ಸಿಮೆಂಟು ಬಿಡುವುದಿಲ್ಲ. ಆಗ ನೀರು ಸಿಮೆಂಟಿನ ಹಿಂದೆ ಮೇಲೆ ಮೇಲೆ ಏರುತ್ತದೆ. ಎರಡನೆಯದು ಹೊರಗಿನ ನೆಲ. ಹಳಿ ಎತ್ತರಿಸಿದ ಮೇಲೆ ಮಣ್ಣು, ಜಲ್ಲಿ ಬಂದು ಬಂದು ಕೂತು, ಗೋಡೆಯ ಪಕ್ಕದ ನೆಲ ಒಂದು ಮೊಳಕ್ಕಿಂತ ಜಾಸ್ತಿ ಏರಿತ್ತು. ರೈಲ್ವೆ ಕೆಲಸ ಮಾಡಿ ನಿವೃತ್ತರಾದ ಊರಿನ ಅಜ್ಜ ಒಬ್ಬರು ಬಂದು ಕೋಲಿನಿಂದ ತೋರಿಸಿದರು. "ಇಲ್ಲಿ ಮೂರು ಮೆಟ್ಟಿಲು ಇತ್ತು ತಮ್ಮಾ, ಈಗ ಒಂದೇ ಕಾಣ್ತದೆ. ಇನ್ನೆರಡು ಅಡಿಗೆ ಹೋಗಿವೆ." ಅಗೆದರೆ ಎರಡೂ ಮೆಟ್ಟಿಲು ಸಿಕ್ಕಿದವು.

ಮೊದಲ ಕೆಲಸ ಅದೇ ಆಯಿತು. ಗೋಡೆಯ ಉದ್ದಕ್ಕೂ, ಅಡಿಪಾಯಕ್ಕೆ ಕೈ ತಾಗದ ಹಾಗೆ, ಎರಡು ಅಡಿ ಆಚೆ ಕಾಲುವೆ ತೆಗೆದೆವು. ತಳದಲ್ಲಿ ತೂತಿನ ಪೈಪು, ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಟೆಕ್ಸ್‌ಟೈಲ್ ಬಟ್ಟೆ, ಮೇಲೆ ಜಲ್ಲಿ. ಗೋಡೆ ಬುಡದಲ್ಲಿ ಅಗೆದಾಗ ಸಿಕ್ಕ ಹಳೆ ಜಲ್ಲಿಯನ್ನೇ ತೊಳೆದು ತುಂಬಿದೆವು. ರೈಲು ಹಳಿಗೆ ಹಾಕುವ ಜಲ್ಲಿ 20ರಿಂದ 65 ಮಿಲಿಮೀಟರಿನ ಒಳಗೆ ಇರುತ್ತದೆ, ನೀರು ಬಸಿಯಲು ಹೇಳಿ ಮಾಡಿಸಿದ ಅಳತೆ. ಕೊಂಡದ್ದು ಪೈಪು ಮತ್ತು ಬಟ್ಟೆ ಮಾತ್ರ. ಇಳಿಜಾರು ನೂರು ಅಡಿಗೆ ಒಂದು ಅಡಿ, ನೀರು ಹೋಗುವುದು ಕೆಳಗಿನ ಹಳ್ಳಕ್ಕೆ.

ಆಮೇಲೆ ಸಿಮೆಂಟ್ ಕೆತ್ತಿದ್ದು. ಉಳಿ, ಸುತ್ತಿಗೆ, ತಾಳ್ಮೆ. ಬ್ರೇಕರ್ ಮೆಷಿನ್ ತಂದವನನ್ನು ಮೇಸ್ತ್ರಿ ಗೇಟಿನಲ್ಲೇ ವಾಪಸ್ ಕಳಿಸಿದರು. ಕೆತ್ತಿ, ಬ್ರಷ್ ಹೊಡೆದು, ಜನವರಿಯವರೆಗೆ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟೆವು. ನೋಡಲು ಬಂದವರೆಲ್ಲ ಕೆಲಸ ನಿಂತಿದೆ ಅಂದುಕೊಂಡರು. ಗೋಡೆ ಒಣಗುವುದೂ ಕೆಲಸವೇ. ಅದಕ್ಕೆ ಕೂಲಿ ಇಲ್ಲ, ಅಷ್ಟೇ ವ್ಯತ್ಯಾಸ.

ಹಂಚು, ಮರ ಮತ್ತು ಮಂಗ

ಚಾವಣಿಗೆ ಮೂರೂವರೆ ಸಾವಿರದ ಹತ್ತಿರ ಹಂಚು. ಒಂದಕ್ಕೆ ಎರಡೂವರೆ ಕೆಜಿ ಹಿಡಿದರೂ ಎಂಟು ಟನ್ ದಾಟುತ್ತದೆ. ಹಂಚು ಇಳಿಸುವಾಗ ಒಂದು ಕಡೆಯದನ್ನು ಪೂರ್ತಿ ತೆಗೆದು ಇನ್ನೊಂದು ಕಡೆಗೆ ಹೋಗಬಾರದು. ಭಾರ ಒಂದೇ ಮಗ್ಗುಲಿಗೆ ಬಿದ್ದು ಹಳೆ ಕೈಮರ ತಿರುಚಿಕೊಳ್ಳುತ್ತದೆ. ಎರಡೂ ಕಡೆಯಿಂದ ನಾಲ್ಕು ನಾಲ್ಕು ಸಾಲು ಇಳಿಸಿದೆವು.

ಪ್ರತಿ ಹಂಚನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಟಣ್ ಅಂದರೆ ಒಳ್ಳೆಯದು. ಡಬ್ ಅಂದರೆ ಕಣ್ಣಿಗೆ ಕಾಣದ ಬಿರುಕು ಇದೆ. ಹೀಗೆ ಆರಿಸಿದಾಗ ಮುಕ್ಕಾಲು ಪಾಲಿಗಿಂತ ಜಾಸ್ತಿ ಉಳಿಯಿತು. ಕಮ್ಮಿ ಬಿದ್ದದ್ದಕ್ಕೆ ಊರಲ್ಲಿ ಬಿಚ್ಚಿದ ಹಳೆ ಮನೆಗಳ ಹಂಚು ತಂದೆವು. ಇಲ್ಲಿ ಒಂದು ತೊಡಕು ಇದೆ. ಎಲ್ಲ ಮಂಗಳೂರು ಹಂಚೂ ಒಂದೇ ಅಂತ ಕಂಡರೂ ಒಂದೊಂದು ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ಬೇರೆ. ಒಂದರ ಕಚ್ಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರುವುದಿಲ್ಲ, ಅಲ್ಲಿಂದಲೇ ಸೋರುತ್ತದೆ. ಹಂಚಿನ ಹಿಂಬದಿಯ ಮುದ್ರೆ ನೋಡಿ ಗುಂಪು ಮಾಡಿ, ರೈಲು ಕಡೆಗೆ ಪೂರ್ತಿ ಹಳೆಯದು, ರಸ್ತೆ ಕಡೆಗೆ ಹೊರಗಿನಿಂದ ತಂದದ್ದು ಸೇರಿದ ಒಂದು ಭಾಗ ಅಂತ ಹಾಕಿದೆವು. ರೀಪಿನ ಅಂತರವನ್ನೂ ಆಯಾ ಹಂಚು ಇಟ್ಟು ನೋಡಿಯೇ ಹೊಡೆದದ್ದು. ಬೆಳಕಿಗೆ ಅಲ್ಲಲ್ಲಿ ಗಾಜಿನ ಹಂಚು. ಓದುವ ಕೋಣೆಗೆ ಸ್ವಲ್ಪ ಜಾಸ್ತಿ.

ಮರ ಬಹುಪಾಲು ಗಟ್ಟಿ. ಸೂರಿನ ಕಡೆ ಪಕಾಸಿಗಳ ತುದಿ ಮಾತ್ರ ಕೊಳೆತಿತ್ತು. ಇಡೀ ಪಕಾಸಿ ಬದಲಿಸುವ ಬದಲು ಕೊಳೆತ ಭಾಗವನ್ನು ಉದ್ದಕ್ಕೆ ಓರೆಯಾಗಿ ಕತ್ತರಿಸಿ, ಅದೇ ಓರೆಯ ಹೊಸ ತುಂಡು ಕೂಡಿಸಿ, ಬೋಲ್ಟ್ ಹಾಕಿದೆವು. ತುಂಡುಗಳೂ ಬಿಚ್ಚಿದ ಮನೆಯ ಸಾಗುವಾನಿಯೇ. ಹಸಿ ಮರ ಕೂಡಿಸಿದರೆ ಒಣಗಿ ಕುಗ್ಗಿ ಜೋಡಣೆ ಸಡಿಲವಾಗುತ್ತದೆ. ಗೆದ್ದಲಿಗೆ ಗೇರೆಣ್ಣೆ. ವಾಸನೆ ಹೋಗಲು ಸಮಯ ಬೇಕು, ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬಾರದು.

ರೈಲು ಹಳಿಯ ಅಡಿಗೆ ಅಡ್ಡ ಹಾಕುವ ಹಳೆ ಮರದ ಸ್ಲೀಪರ್ ಸಿಕ್ಕರೆ ಟೇಬಲ್ ಮಾಡಬಹುದು ಅಂತ ತುಂಬ ಜನ ಹೇಳಿದರು. ಚಂದ ಕಾಣುತ್ತದೆ, ನಿಜ. ಆದರೆ ಸ್ಲೀಪರಿಗೆ ಕ್ರಿಯೋಸೋಟ್ ಕುಡಿಸಿರುತ್ತಾರೆ, ಕಲ್ಲಿದ್ದಲಿನ ಟಾರಿನಿಂದ ತೆಗೆದ ಎಣ್ಣೆ ಅದು. ಮೈಗೆ ಒಳ್ಳೆಯದಲ್ಲ. ಊಟದ ಮೇಜಿಗೆ, ಮಕ್ಕಳು ಕೂರುವ ಬೆಂಚಿಗೆ ಅದು ಬೇಡವೇ ಬೇಡ. ಸುಟ್ಟರೆ ಇನ್ನೂ ಕೆಟ್ಟ ಹೊಗೆ.

ಇನ್ನು ಮಂಗ. ಮಲೆನಾಡಿನಲ್ಲಿ ಹಂಚು ಹೋಗಿ ತಗಡು ಬರುತ್ತಿರುವುದಕ್ಕೆ ಮಂಗನ ಹಾವಳಿಯೂ ದೊಡ್ಡ ಕಾರಣ. ಸಭೆಯಲ್ಲಿ ಅರ್ಧ ಜನ ತಗಡಿನ ಪರ. ಮೇಸ್ತ್ರಿಯೂ ಅದೇ ಅಂದರು.

"ಹಂಚು ಹಾಕಿ ಮಾರಾಯ್ರೆ, ಬೇಡ ಅನ್ನಲ್ಲ. ಪ್ರತಿ ವರ್ಷ ಕೈಯಾಡಿಸೋಕೆ ಹತ್ತೋರು ಯಾರು?"

ಪ್ರಶ್ನೆ ಸರಿಯಾದದ್ದೇ. ಕೈಯಾಡಿಸುವುದು ಅಂದರೆ ಸರಿದ ಹಂಚು ಸರಿಪಡಿಸಿ, ಒಡೆದದ್ದು ಬದಲಿಸುವುದು. ಹಂಚಿನ ಕೆಲಸ ಗೊತ್ತಿರುವವರು ಕಮ್ಮಿಯಾಗಿದ್ದಾರೆ. ತಗಡು ಹಾಕಿದರೆ ಮಳೆಯ ಸದ್ದಿಗೆ ಓದುವ ಕೋಣೆಯಲ್ಲಿ ಯಾರೂ ಕೂರುವುದಿಲ್ಲ, ಏಪ್ರಿಲಿನ ಬಿಸಿಲಿಗೂ ಅಷ್ಟೇ. ಕೊನೆಗೆ ಆದದ್ದು ಹೀಗೆ: ಮುಖ್ಯ ಚಾವಣಿಗೆ ಹಂಚು, ಅದರ ಕೆಳಗೆ ಸೀಲಿಂಗ್ ಹಂಚು. ಮೇಲಿನದು ಒಡೆದರೂ ನೀರು ನೇರ ಪುಸ್ತಕದ ಮೇಲೆ ಬೀಳುವುದಿಲ್ಲ. ಸೂರಿನ ಮೇಲೆ ಬಾಗಿದ್ದ ಹಲಸಿನ ಕೊಂಬೆ ಕಡಿದೆವು, ಮಂಗಗಳು ಹಾರಿ ಬರುತ್ತಿದ್ದ ದಾರಿ ಅದೇ. ಪೂರ್ತಿ ನಿಂತಿಲ್ಲ. ಬಾಡಿಗೆ ದುಡ್ಡಿನಲ್ಲಿ ಪ್ರತಿ ಮೇ ತಿಂಗಳ ಹಂಚು ಕೈಯಾಡಿಸುವ ಖರ್ಚನ್ನು ಬೇರೆ ಎತ್ತಿಡುತ್ತೇವೆ.

ಜನವರಿ, ಫೆಬ್ರವರಿ: ಸುಣ್ಣ

ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ. ಹೊರಗಿನಿಂದ ಒಳಕ್ಕೆ, ನಿಧಾನಕ್ಕೆ. ಗೋಡೆ ತೊಯ್ದು ತೊಪ್ಪೆಯಾಗಿರುವ ಮಳೆಗಾಲದಲ್ಲಿ ಆ ಕೆಲಸ ನಡೆಯುವುದಿಲ್ಲ. ಹಾಗಾಗಿ ದೀಪಾವಳಿಯಿಂದ ಶಿವರಾತ್ರಿಯೊಳಗೆ ಮುಗಿಸಬೇಕು ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು.

ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿದೆವು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಹಾರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕದವರು ಗುಂಡಿಯ ಹತ್ತಿರ ಬರುವ ಹಾಗಿಲ್ಲ ಅಂತ ಹಗ್ಗ ಕಟ್ಟಿದ್ದೆವು. ಅರಳಿದ ಸುಣ್ಣವನ್ನು ನೀರಿನಡಿ ಮುಳುಗಿಸಿ ವಾರಗಟ್ಟಲೆ ಬಿಟ್ಟೆವು. ಎಷ್ಟು ಕೊಳೆಯುತ್ತದೋ ಅಷ್ಟು ನುಣುಪು. ಬೆಣ್ಣೆಯ ಹಾಗೆ ಕರಣಿಗೆ ಅಂಟಿ ನಿಲ್ಲುವಾಗ ಮೇಸ್ತ್ರಿ ಒಪ್ಪಿದರು.

ಚಿಪ್ಪಿನ ಸುಣ್ಣ ಒಂದೇ ಹಾಕಿದರೆ ಮಲೆನಾಡಿನ ತೇವಕ್ಕೆ ಸಾಲದು. ಅದಕ್ಕೆ ಸುರ್ಕಿ ಬೇಕು, ಅಂದರೆ ಇಟ್ಟಿಗೆ ಪುಡಿ. ಸುಣ್ಣದ ಜೊತೆ ಸೇರಿ ಅದು ತೇವದಲ್ಲೂ ಗಟ್ಟಿಯಾಗುತ್ತದೆ. ಒಡೆದ ಹಂಚು ರಾಶಿ ಬಿದ್ದಿತ್ತು, ಅದನ್ನೇ ಪುಡಿ ಮಾಡೋಣ ಅಂತ ಎಲ್ಲರಿಗೂ ಆಸೆ. ಆದರೆ ಚೆನ್ನಾಗಿ ಬೆಂದ ಹಂಚಿಗಿಂತ ಅರೆಬೆಂದ ನಾಡ ಇಟ್ಟಿಗೆಯ ಪುಡಿ ವಾಸಿ. ಹಾಗಾಗಿ ಇಟ್ಟಿಗೆ ಗೂಡಿನಲ್ಲಿ ಯಾರೂ ಕೊಳ್ಳದೆ ಉಳಿದ ಅರೆಬೆಂದ ಇಟ್ಟಿಗೆ ತಂದು ಪುಡಿ ಮಾಡಿಸಿದೆವು. ಒಡೆದ ಹಂಚು ಹೊರಗಿನ ಕಾಲುದಾರಿಗೆ ಹೋಯಿತು. ಅಳತೆ: ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು. ನೀರಿನ ಬದಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಬೆಲ್ಲ ಜಾಸ್ತಿಯಾದರೆ ಇರುವೆ ಬರುತ್ತದೆ, ಗಾರೆಯೂ ಬೇಗ ಹಿಡಿಯುವುದಿಲ್ಲ. ಕೈಯ ಅಂದಾಜು ಇರುವವರೇ ಬೆರೆಸಬೇಕು.

ಎರಡು ಪದರ ಹೊಡೆದು, ಬೇಗ ಒಣಗದಂತೆ ಒದ್ದೆ ಗೋಣಿ ಇಳಿಬಿಟ್ಟೆವು. ಮೇಲೆ ಸುಣ್ಣದ ನೀರಿನ ಬಣ್ಣ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ, ಗೋಡೆಗೆ ಮತ್ತೆ ಬಾಯಿ ಕಟ್ಟಿದ ಹಾಗೆ.

ಖರ್ಚು ಸಿಮೆಂಟಿಗಿಂತ ಜಾಸ್ತಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹೆಚ್ಚಿನ ದುಡ್ಡು ಕೂಲಿಗೆ ಹೋಗಿದೆ, ಸಾಮಾನಿಗಲ್ಲ. ಊರಿನ ನಾಲ್ಕು ಹುಡುಗರು ಗಾರೆ ಬೆರೆಸಲು ಕಲಿತರು. ಅದರಲ್ಲಿ ಇಬ್ಬರಿಗೆ ಈಗ ಬೇರೆ ಹಳೆ ಮನೆಗಳ ಕೆಲಸ ಸಿಕ್ಕಿದೆ.

ರೈಲು ಕಂಬ

ಸೂರನ್ನು ಹೊತ್ತಿರುವುದು ಹಳೆ ರೈಲು ಹಳಿಯ ಕಂಬಗಳು. ಹಳಿಯ ನಡುಪಟ್ಟಿಯಲ್ಲಿ ತಯಾರಿಸಿದವರ ಹೆಸರು, ತೂಕ, ಇಸವಿ ಉಬ್ಬು ಅಕ್ಷರದಲ್ಲಿ ಇರುತ್ತದೆ. ನಮ್ಮವು ತುಕ್ಕು ಹಿಡಿದು 50 ಅನ್ನುವ ಅಂಕಿ ಮಾತ್ರ ಓದಲು ಬಂತು. ಗಜಕ್ಕೆ 50 ಪೌಂಡ್, ಅಂದರೆ ಮೀಟರಿಗೆ ಸುಮಾರು 25 ಕೆಜಿ.

ಎರಡು ಕಂಬದ ಬುಡ ತುಕ್ಕಿಗೆ ಅರ್ಧ ಕರಗಿತ್ತು. ವೆಲ್ಡಿಂಗ್ ಅಂಗಡಿಯವರು ಒಂದು ಗಂಟೆಯ ಕೆಲಸ ಅಂದರು. ಬೇಡ ಅಂದೆ. ರೈಲು ಹಳಿಯ ಉಕ್ಕಿನಲ್ಲಿ ಇಂಗಾಲದ ಪಾಲು ಜಾಸ್ತಿ. ಮೊದಲೇ ಚೆನ್ನಾಗಿ ಕಾಯಿಸದೆ ಸಾದಾ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಅದೂ ಭಾರ ಬಿದ್ದ ಮೇಲೆ. ರೈಲಿನವರು ಹಳಿಗೆ ಹಳಿ ಕೂಡಿಸಲು ಬಳಸುತ್ತಿದ್ದ ಫಿಶ್‌ಪ್ಲೇಟ್ ಇದೆಯಲ್ಲ, ಅದನ್ನೇ ಬಳಸಿದೆವು. ಕೊಳೆತ ಬುಡ ಕತ್ತರಿಸಿ, ಗುಜರಿಯಲ್ಲಿ ಸಿಕ್ಕ ಅದೇ ತೂಕದ ತುಂಡು ಇಟ್ಟು, ಎರಡೂ ಕಡೆ ಫಿಶ್‌ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿದೆವು. ಬುಡವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ಕೂರಿಸಿದೆವು. ಷರತ್ತಿನ ಪ್ರಕಾರ ಬಿಚ್ಚಲೂ ಬರುತ್ತದೆ.

ಯಾವ ಬಳಕೆ ಎಲ್ಲಿ

ಇದನ್ನು ಗೋಡೆಯೇ ಹೇಳಿತು. ಮಳೆ ಬಡಿಯುವುದು ನೈಋತ್ಯದಿಂದ, ಆ ತುದಿ ಎಷ್ಟು ಮಾಡಿದರೂ ಸ್ವಲ್ಪ ತೇವವೇ. ಅಲ್ಲಿ ಹೊಲಿಗೆ ಮತ್ತು ಮೇಜುಗಳು, ಜನ ಇರುವ ಹೊತ್ತಿಗೆ ಕಿಟಕಿ ತೆರೆದು ಗಾಳಿ ಆಡುತ್ತದೆ. ಹಪ್ಪಳದ ಮಳಿಗೆ ಅತಿ ಒಣ ತುದಿಗೆ. ಪುಸ್ತಕ ನಡುವೆ, ಕಪಾಟು ಗೋಡೆಯಿಂದ ಮೂರು ಇಂಚು ಈಚೆ. ಒಬ್ಬರು ಅಡಿಕೆ ಮೂಟೆ ಇಡಲು ಜಾಗ ಕೇಳಿದ್ದರು, ಬಾಡಿಗೆಯೂ ಒಳ್ಳೆಯದಿತ್ತು. ಒಂದು ಮಳೆಗಾಲ ನೋಡದೆ ಕೊಡುವುದಿಲ್ಲ ಅಂದೆವು. ಅಡಿಕೆಗೆ ಬೂಸ್ಟು ಬಂದರೆ ನಷ್ಟ ಯಾರು ತುಂಬಿಕೊಡುವುದು?

ನೆಲದ ಕಲ್ಲು ಚಪ್ಪಡಿ ಎತ್ತಿ, ಮರಳು, ಸುಣ್ಣದ ಮೇಲೆ ಮತ್ತೆ ಹಾಸಿದೆವು. ಅಡಿಗೆ ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟ್ ಹಾಕಿದ್ದರೆ ನೆಲದ ತೇವ ಪೂರ್ತಿ ಗೋಡೆಗೆ ನುಗ್ಗುತ್ತಿತ್ತು.

ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದು ಇಳಿಜಾರು ಬೇಕು. ಮೂರು ಅಡಿ ಎತ್ತರಕ್ಕೆ ಮೂವತ್ತಾರು ಅಡಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು. ರಸ್ತೆ ಕಡೆಯ ಸೂರಿನಡಿಯಲ್ಲೇ ಕೂತಿತು, ಗೋಡೆಗೆ ತಾಗದ ಹಾಗೆ. ಶೌಚಾಲಯ ಬೇರೆ ಕಟ್ಟಿದೆವು. ವೈರಿಂಗ್ ಎಲ್ಲ ಗೋಡೆಯ ಮೇಲೆಯೇ, ಪೈಪಿನಲ್ಲಿ.

ರೈಲು ಕಡೆಯ ಜಾರು ಬಾಗಿಲು ರಿಪೇರಿಯಾಗಿದೆ, ಆದರೆ ಬೀಗ. ಆಚೆ ಬೇಲಿ. ಮಕ್ಕಳು ಬರುವ ಜಾಗದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ರೈಲು ಹೋಗುವಾಗ ಕಿಟಕಿ ಗಾಜು ನಡುಗುತ್ತಿತ್ತು, ಅಂಚಿಗೆ ಪಟ್ಟಿ ಕೊಟ್ಟ ಮೇಲೆ ಸದ್ದು ನಿಂತಿದೆ.

ಮಳೆ ಬಂದ ಮೇಲೆ

ಚಾವಣಿಯ ಕೆಳಗಿನ ಜಾಗ ಸೂರೂ ಸೇರಿ 200 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ದಿನಕ್ಕೆ 100 ಮಿಲಿಮೀಟರ್ ಹೊಡೆದರೆ 20,000 ಲೀಟರ್. ನಮ್ಮ ಕಡೆ ಆಷಾಢದಲ್ಲಿ ಅದೇನು ದೊಡ್ಡದಲ್ಲ. ರೈಲು ಕಡೆ ದೋಣಿ, ಅಂದರೆ ಸೂರಿನ ಅಂಚಿನಲ್ಲಿ ನೀರು ಹಿಡಿದು ಹರಿಸುವ ಕೊಳವೆ, ಕಟ್ಟಲೇ ಇಲ್ಲ. ಎಲೆ ಕಟ್ಟಿಕೊಂಡರೆ ದೋಣಿ ತುಂಬಿ ನೀರು ಗೋಡೆಯ ಕಡೆಗೇ ತಿರುಗುತ್ತದೆ. ಅಲ್ಲಿ ನೀರು ಆರು ಅಡಿ ಆಚೆ ನೆಲಕ್ಕೆ ಬೀಳುತ್ತದೆ. ಬೀಳುವಲ್ಲಿ ಜಲ್ಲಿ ಹಾಸಿ ಕಾಲುವೆಗೆ ಇಳಿಜಾರು ಕೊಟ್ಟಿದ್ದೇವೆ. ಜನ ಓಡಾಡುವ ರಸ್ತೆ ಕಡೆ ಮಾತ್ರ ಅಗಲವಾದ ದೋಣಿ, ಅದರ ನೀರು 10,000 ಲೀಟರ್ ಟ್ಯಾಂಕಿಗೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಬೇರೆ ಪೈಪು. ಟ್ಯಾಂಕಿನ ನೀರು ಶೌಚಾಲಯಕ್ಕೆ. ಮಲೆನಾಡಿಗೆ ಟ್ಯಾಂಕ್ ಯಾಕೆ ಅಂತ ನಕ್ಕವರು ಏಪ್ರಿಲಿನಲ್ಲಿ ತಮ್ಮ ಬಾವಿಯನ್ನೇ ಬಗ್ಗಿ ನೋಡಲಿ.

ಸೋಲಾರ್ 3 ಕಿಲೋವ್ಯಾಟ್, ಶೌಚಾಲಯದ ಮೇಲೆ. ಹಳೆ ಚಾವಣಿಗೆ ಭಾರವೂ ಬೇಡ, ತೂತೂ ಬೇಡ ಅಂತ. ಒಳ್ಳೆ ಬಿಸಿಲಿಗೆ ದಿನಕ್ಕೆ ಹನ್ನೆರಡು ಯೂನಿಟ್ ಹತ್ತಿರ. ಜುಲೈಯಲ್ಲಿ ಅದರ ಮಾತೇ ಬೇಡ, ಕರೆಂಟೇ ಗತಿ.

ಜುಲೈ ಮುಗಿಯುವಾಗ ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮತ್ತೆ ಮಾಡಿದೆವು. ರೈಲು ಕಡೆ ಗೋಡೆಯಲ್ಲಿ ತೇವ ಮೊಣಕಾಲಿಗಿಂತ ಕೆಳಗೆ ನಿಂತಿದೆ. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ ಅನ್ನುತ್ತಾರೆ ಮೇಸ್ತ್ರಿ. ಬುಡದ ಒಂದು ಅಡಿ ಗಾರೆ ಅಲ್ಲಲ್ಲಿ ಉಪ್ಪು ಬಿಟ್ಟು ಉದುರುತ್ತಿದೆ. ಇದು ನಿರೀಕ್ಷಿಸಿದ್ದೇ. ಕಲ್ಲಿನ ಬದಲು ಗಾರೆ ಸವೆಯಲಿ ಅಂತಲೇ ಹೊಡೆದದ್ದು. ನೈಋತ್ಯ ಮೂಲೆಯಲ್ಲಿ ಒಂದು ಸೋರು ಇದೆ, ಕೂಡುಮೂಲೆಯ ಹಂಚು ಮತ್ತೆ ಕೂರಿಸಬೇಕು. ನವೆಂಬರಿಗೆ ಇವೆರಡು ಕೆಲಸ, ಜೊತೆಗೆ ಕಾಲುವೆಯ ಪೈಪು ತೊಳೆಯುವುದು. ಗುಂಡಿಯಲ್ಲಿ ಸುಣ್ಣ ನೀರಿನಡಿ ಇನ್ನೂ ಉಳಿದಿದೆ, ಅದು ಸಾಲುತ್ತದೆ. ಅಡಿಕೆ ಮೂಟೆ ಕೇಳಿದವರಿಗೆ ಸದ್ಯಕ್ಕೆ ಇಲ್ಲ ಅಂತಲೇ ಹೇಳಿದ್ದೇವೆ.